ಮೇಷ್ಟ್ರ ಹೆಸರು ಫಕೀರ

"ಅಯ್ಯಯ್ಯೋ...!"

ಕನಕಪುರದಿಂದ ರಾಮನಗರಕ್ಕೆ ಹೊರಟಿದ್ದ ಬಸ್ಸು ಗಕ್ಕನೆ ನಿಂತಿತು. ಅನುಷಾಳ ಕೈಯಲ್ಲಿದ್ದ ಡಬ್ಬಿಯ ಮುಚ್ಚಳ ಹಾರಿ, ಸೊಪ್ಪಿನ ಸಾರೆಲ್ಲ ಎದುರಿಗೆ ನಿಂತಿದ್ದವನ ಬಿಳಿ ಶರಟಿನ ಮೇಲೆ!

ಅವನು ಶರಟು ನೋಡಿಕೊಂಡ. ಅವಳನ್ನು ನೋಡಿದ. ಗಲ್ಲಕ್ಕೆ ಸಿಡಿದದ್ದನ್ನು ಬೆರಳಲ್ಲಿ ಒರೆಸಿ ನಾಲಿಗೆಗೆ ಇಟ್ಟುಕೊಂಡ.

"ಉಪ್ಪು ಒಸಿ ಕಮ್ಮಿ ಐತೆ ಕಣ್ರೀ."

ಬಸ್ಸೆಲ್ಲ ನಕ್ಕಿತು. ಅಳು ಬರುವಂತಾಗಿದ್ದ ಅನುಷಾಳೂ ನಕ್ಕುಬಿಟ್ಟಳು.

"ಮೇಷ್ಟ್ರೇ, ಹಿಂಗೇ ಕ್ಲಾಸಿಗೆ ಹೋಯ್ತೀರಾ?" ಎಂದ ಕಂಡಕ್ಟರ್ ಚಿಕ್ಕರಾಜು.

ಅಂದಿನಿಂದ ಅವಳಿಗೂ ಅವನು ಮೇಷ್ಟ್ರೇ ಆದ. ಕೈಲಾಂಚದಲ್ಲಿ ಹತ್ತುತ್ತಿದ್ದ. ರಾಮನಗರದ ಐಟಿಐ ಒಂದರಲ್ಲಿ ಪಾಠ ಮಾಡುತ್ತಿದ್ದ. ಅವಳಿಗೆ ಅಲ್ಲೇ ಒಂದು ಮೆಡಿಕಲ್ ಸ್ಟೋರಿನಲ್ಲಿ ಕೆಲಸ. ಬರುಬರುತ್ತಾ ಅವನಿಗಾಗಿ ಪಕ್ಕದ ಸೀಟಿನ ಮೇಲೆ ಬ್ಯಾಗಿಟ್ಟು ಕಾಯತೊಡಗಿದಳು.

"ಅನುಷಾ ಅಂದ್ರೆ ಏನರ್ಥ?" ಒಮ್ಮೆ ಕೇಳಿದ.

"ಯಾರಿಗ್ ಗೊತ್ತು? ನಮ್ಮಪ್ಪ ಟೀವೀಲಿ ಕೇಳಿ, ಚೆನ್ನಾಗೈತೆ ಅಂತ ಇಟ್ಬುಟ್ರು. ನಿಮ್ ಹೆಸ್ರೇನು, ಅದಕ್ಕೆ ಅರ್ಥ ಐತಾ?"

"ದೊಡ್ಡ ಕಥೇನೇ ಐತೆ. ಒಂದಿನ ಹೇಳ್ತೀನಿ."

ಅವನು ಹೇಳುವ ಮೊದಲೇ ಹೆಸರು ಹೊರಬಿತ್ತು. ಇಬ್ಬರೂ ರಾಮನಗರದಲ್ಲಿ ಇಳಿಯುತ್ತಿದ್ದಂತೆ ಬುರ್ಖಾ ತೊಟ್ಟ ವಯಸ್ಸಾದ ಹೆಂಗಸೊಬ್ಬರು ಏದುಸಿರು ಬಿಡುತ್ತಾ ಬಂದರು.

"ಫಕೀರಾ! ನಿಂತ್ಕೋ ಬೇಟಾ, ಪಾಯಸ ತಂದೀನಿ!"

"ಅಮ್ಮೀ, ನೀವ್ಯಾಕೆ ಬರೋಕ್ ಹೋದ್ರಿ?" ಅವನ ಮುಖ ಅರಳಿತು. "ಅನುಷಾ, ಇವ್ರು ನಮ್ಮಮ್ಮಿ, ಅಮೀರುನ್ನೀಸಾ. ಮೊದ್ಲು ನೀವು ತಿನ್ನಿ."

ಫಕೀರಾ...? ಅಮ್ಮೀ...?

ಕೈಗೆ ಬಂದಿದ್ದ ಚಮಚವನ್ನು ಅವಳು ಹಾಗೇ ಡಬ್ಬಿಯೊಳಗೆ ಬಿಟ್ಟಳು.

"ನಂಗೆ... ಇವತ್ತು ಉಪವಾಸ."

ಬಸ್ಸಿನಲ್ಲಿ ಅವನೆದುರಿಗೇ ಕಡಲೆಕಾಯಿ ತಿಂದಿದ್ದಳು! ಆ ತಾಯಿ ಮೆಲ್ಲಗೆ ಮುಚ್ಚಳ ಹಾಕಿದರು. "ಇರ್ಲಿ ಮಗಳೇ."

ಮರುದಿನದಿಂದ ಅನುಷಾ ಬೇರೆ ಬಸ್ಸು ಹಿಡಿದಳು. ಅಪ್ಪನಿಗೆ ಗೊತ್ತಾದರೆ? ಊರು ಏನಂದೀತು? ರಾತ್ರಿಯೆಲ್ಲ ಅತ್ತಳು, ಆದರೆ ಅವನಿಗೆ ಒಂದು ಮಾತೂ ಹೇಳಲಿಲ್ಲ.

ಒಂದು ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಚಿಕ್ಕರಾಜು ಸಿಕ್ಕಿದ.

"ಏನವ್ವಾ, ಮೇಷ್ಟ್ರ ಜೊತೆ ಜಗಳವಾ?"

"ಅವ್ರು ಸಾಬ್ರು ಅಂತ ನಂಗೆ ಗೊತ್ತಿರ್ಲಿಲ್ಲ ಅಣ್ಣ."

"ಯಾರು? ಫಕೀರ ಮೇಷ್ಟ್ರಾ?" ಚಿಕ್ಕರಾಜು ಜೋರಾಗಿ ನಕ್ಕ. "ಅವ್ರು ಕೈಲಾಂಚದ ಬೋರಲಿಂಗಯ್ಯನ ಮಗ ಕಣವ್ವಾ! ಅವ್ರ ತಾಯಿ ದೊಡ್ಡಲಕ್ಷ್ಮಮ್ಮಂಗೆ ಹುಟ್ಟಿದ್ ಮಕ್ಳು ಒಂದೂ ಉಳೀತಿರ್ಲಿಲ್ಲ. ಇವ್ರು ಹುಟ್ಟಿದಾಗ ಆ ತಾಯಿಗೆ ಜ್ವರ, ಎದೇಲಿ ಹಾಲಿಲ್ಲ. ಆಗ ಪಕ್ಕದ್ಮನೇಲಿದ್ದ ಅಮೀರುನ್ನೀಸಾ ತನ್ ಮಗೀನ್ ಜೊತೆ ಇವ್ರಿಗೂ ಹಾಲು ಕುಡಿಸಿ ಉಳಿಸ್ಕೊಂಡ್ರು. ಫಕೀರ ಅಂತ ಕರೀರಿ, ಭಿಕ್ಷುಕನ ಮೇಲೆ ಸಾವೂ ಕಣ್ಣು ಹಾಕಲ್ಲ ಅಂದ್ರಂತೆ. ನಮ್ಮೋರು ಮಗೀನ ತಿಪ್ಪೇಲಿ ಉರುಳಿಸಿ ತಿಪ್ಪಯ್ಯ ಅಂತ ಇಡಾಕಿಲ್ವಾ? ಹಂಗೇ."

ಅನುಷಾಳ ಎದೆ ಹಗುರಾಯಿತು. ಐಟಿಐ ಗೇಟಿನವರೆಗೂ ಓಡಿಯೇ ಹೋದಳು.

"ಮೇಷ್ಟ್ರೇ! ನೀವು ನಮ್ಮೋರೇ ಅಂತೆ! ಮೊದ್ಲೇ ಹೇಳ್ಬಾರ್ದಿತ್ತಾ?"

ಅವನು ನಗಲಿಲ್ಲ.

"ಹೇಳಿದ್ರೆ ಏನ್ ಮಾಡ್ತಿದ್ರಿ?"

"ಪಾಯಸ ತಿಂತಿದ್ದೆ..."

"ಮಾಡಿದ್ದು ಆಗ್ಲೂ ಅಮ್ಮೀನೇ ಅಲ್ವಾ? ನೀವು ಬಸ್ ಬದ್ಲಾಯಿಸ್ದಾಗ ನೋವಾಗಿತ್ತು. ಆದ್ರೆ ಈಗ ಇಷ್ಟು ಖುಷಿಯಾಗಿ ಬಂದಿದೀರಲ್ಲ... ಇದು ಅದಕ್ಕಿಂತ ನೋಯ್ತೈತೆ."

ಅವನು ಒಳಗೆ ಹೋದ.

ಅವಳ ಮುಖ ಸುಟ್ಟಂತಾಯಿತು. ಛೀ... ಯಾವುದಕ್ಕೆ ಸಂತೋಷಪಟ್ಟೆ ನಾನು? ಆ ಹೆಂಗಸು ಮುಚ್ಚಳ ಹಾಕಿದ ಕೈ ಕಣ್ಣ ಮುಂದೆಯೇ ನಿಂತಿತು. ಕನ್ನಡಿ ನೋಡಿಕೊಳ್ಳಲೂ ನಾಚಿಕೆ. ಯಾರಾದರೂ 'ಒಳ್ಳೇ ಹುಡುಗಿ' ಎಂದರೆ ತಲೆ ತಗ್ಗಿಸುವಂತಾಯಿತು.

ಭಾನುವಾರ ರಾಮನಗರದಲ್ಲಿ ಕೇಳಿಕೊಂಡು ಕೇಳಿಕೊಂಡು ಅಮೀರುನ್ನೀಸಾ ಅವರ ಮನೆಗೆ ಹೋದಳು. ಅಂಗಳದಲ್ಲಿ ಅವರು ರೇಷ್ಮೆಗೂಡು ಆರಿಸುತ್ತಾ ಕೂತಿದ್ದರು.

"ಅಮ್ಮಾ, ಅವತ್ತು ನಂಗೆ ಉಪವಾಸ ಇರ್ಲಿಲ್ಲ."

"ಗೊತ್ತಾಯ್ತು ಮಗಳೇ."

"ನಿಮ್ಮ ಮನೇದು ಅಂತ ತಿನ್ಲಿಲ್ಲ." ಬಿಕ್ಕಿದಳು. "ತಪ್ಪಾಯ್ತು."

ಅಮೀರುನ್ನೀಸಾ ಕೈಯಲ್ಲಿದ್ದ ಗೂಡನ್ನು ಕೆಳಗಿಟ್ಟರು.

"ನೋವಾಗ್ಲಿಲ್ಲ ಅಂತ ಸುಳ್ಳು ಹೇಳಲ್ಲ. ಮನೇಗ್ ಬಂದು ಅತ್ತೆ. ಆದ್ರೆ ಮನೆ ಹುಡ್ಕೊಂಡು ಬಂದು ಹೀಗೆ ಯಾರೂ ಹೇಳಿರ್ಲಿಲ್ಲ ನಂಗೆ." ಪಕ್ಕಕ್ಕೆ ಸರಿದು ಜಾಗ ಮಾಡಿದರು. "ಕೂತ್ಕೋ ಬಾ."

ಮಧ್ಯಾಹ್ನದ ಊಟಕ್ಕೆ ಬಂದ ಫಕೀರ ಬಾಗಿಲಲ್ಲೇ ನಿಂತುಬಿಟ್ಟ. ಅಮೀರುನ್ನೀಸಾ ಎದ್ದು ಒಳಗೆ ಹೋದರು.

ಅನುಷಾ ಎದ್ದು ನಿಂತಳು. ಅವನ ಕಣ್ಣು ನೋಡುವ ಧೈರ್ಯವಾಗಲಿಲ್ಲ.

"ನೀವು ನಿಜವಾಗ್ಲೂ ಅಮ್ಮೀ ಹೊಟ್ಟೇಲಿ ಹುಟ್ಟಿದ್ರೆ ನಾನು ತಿರುಗಿ ನೋಡ್ತಾ ಇರ್ಲಿಲ್ಲ. ಅದನ್ನ ಮುಚ್ಚಿಡಲ್ಲ. ನೆನೆಸ್ಕೊಂಡ್ರೆ ಈಗ್ಲೂ ನಾಚಿಕೆಯಾಯ್ತೈತೆ..." ಉಸಿರೆಳೆದುಕೊಂಡಳು. "ನೆನ್ನೆ ಅಪ್ಪಂಗೆ ಹೇಳಿದೆ. ಫಕೀರ ಅನ್ನೋರನ್ನ ಪ್ರೀತಿಸ್ತಿದೀನಿ ಅಂತ."

ಅವನು ಬೆಚ್ಚಿದ. "ಬೋರಲಿಂಗಯ್ಯನ ಮಗ ಅಂತ ಹೇಳಿದ್ರಾ?"

"ಇಲ್ಲ."

"ಯಾಕೆ?!"

"ಹೇಳಿದ್ರೆ ಅವ್ರೂ ನನ್ನಂಗೇ ಖುಷಿ ಪಡ್ತಾರೆ. ಆ ಖುಷಿ ನಂಗೆ ಬೇಡ. ಅಪ್ಪ ಮಾತು ಬಿಟ್ಟವ್ರೆ... ಬಿಡ್ಲಿ. ನಾನಂತೂ ಹೇಳಿದ್ದನ್ನ ವಾಪಸ್ ತಗೊಳಲ್ಲ."

ಅವನ ಕಣ್ಣು ತುಂಬಿತು. ಎರಡು ಹೆಜ್ಜೆ ಹತ್ತಿರ ಬಂದ.

"ನಾಳೆ ಸಂಜೆ ನಿಮ್ಮನೇಗೆ ಬರ್ಲಾ?"

"ಒಬ್ರೇನಾ?"

"ನಂಗೆ ಇಬ್ರು ತಾಯಂದಿರು ಅನುಷಾ. ಇಬ್ರನ್ನೂ ಕರ್ಕೊಂಡೇ ಬತ್ತೀನಿ."

ಅವಳು ಮೊದಲ ಬಾರಿಗೆ ತಲೆಯೆತ್ತಿ ಅವನನ್ನು ನೋಡಿದಳು.

"ಬನ್ನಿ. ಅಪ್ಪ ಬಾಗ್ಲು ತೆಗೀದಿದ್ರೆ ನಾನು ತೆಗೀತೀನಿ."