ಬಲಗಾಲಿನ ಗೆಜ್ಜೆ

ಈಗಿನ ಮಾತಲ್ಲ, ಎಂದಿನದೋ. ಕಡಗನಾಡೆಂಬ ರಾಜ್ಯದಲ್ಲೊಂದು ಯಂತ್ರಶಾಲೆ. ಅಲ್ಲಿ ಗುರು ಸೋವಯ್ಯನವರು ಮಕ್ಕಳಿಗೆ ಆಟದ ಪೆಟ್ಟಿಗೆ ಮಾಡಲು ಕಲಿಸುತ್ತಿದ್ದರು. ಒಳಗೆ ಗೊಂಬೆ ಕುಣಿಯಬೇಕು, ಹೊರಗೆ ಜನ ಆಡಿ ನಲಿಯಬೇಕು. ಊರಿಗೆ ಊರೇ ಅಲ್ಲಿಗೆ ಹೋದರೆ ಮಾಯಗಾರ ಡಂಭಕೇತುವಿನ ಮಾಟ ನೋಡುವವರು ಯಾರು? ಅವನು ಸಿಟ್ಟಿಗೆದ್ದು ಬಂದವನೇ ಗುರುಗಳನ್ನು ಗೇಣುದ್ದದ ಗೊಂಬೆ ಮಾಡಿ, ಮೂರು ಬಾಗಿಲಿನ ಪೆಟ್ಟಿಗೆಯಲ್ಲಿ ಕೂಡಿಹಾಕಿದ.

“ಸಂಜೆಯೊಳಗೆ ಈ ಗೊಂಬೆಯನ್ನು ಮೂರೂ ಬಾಗಿಲು ದಾಟಿಸಿ. ಕೈಯಿಂದ ಮುಟ್ಟುವ ಹಾಗಿಲ್ಲ! ಆಗದಿದ್ದರೆ ನಿಮ್ಮ ಗುರು ಎಂದೆಂದಿಗೂ ಗೊಂಬೆ,” ಎಂದ.

ಐದು ವರ್ಷದಿಂದ ಕಲಿಯುತ್ತಿದ್ದ ನಾಗಿದೇವ ಒಂದು ಹಿಡಿಕೆ ಮಾಡಿದ. ಮೂರು ಸಲ ತಿರುಗಿಸಿದರೆ ಗೊಂಬೆ ಒಂದು ಹೆಜ್ಜೆ ಇಡುತ್ತಿತ್ತು. ನಿನ್ನೆಮೊನ್ನೆ ಸೇರಿದ ಚೆನ್ನಾಜಿ ಒಂದು ಜೊತೆ ಗೆಜ್ಜೆ ಮಾಡಿದಳು. ಕಟ್ಟಿಕೊಂಡವರ ಕಾಲು ಹೇಗೋ ಗೊಂಬೆಯ ಕಾಲೂ ಹಾಗೆ! ಎಲ್ಲರೂ “ಭಲೇ ಚೆನ್ನಾಜಿ!” ಎಂದು ಅತ್ತ ಓಡಿದರು. ಹಿಡಿಕೆಯನ್ನು ಯಾರೂ ತಿರುಗಿಯೂ ನೋಡಲಿಲ್ಲ.

ನಾಗಿದೇವನ ಹೊಟ್ಟೆ ಧಗಧಗ ಉರಿಯಿತು. ‘ಅವಳದೇನು ಮಹಾ! ಆ ಗೆಜ್ಜೆ ಕೆಟ್ಟರೆ ನನ್ನ ಹಿಡಿಕೆಯೇ ಗತಿ. ಸಂಜೆಯೊಳಗೆ ಸರಿಮಾಡಿ ನಾನೇ ಗುರುಗಳನ್ನು ಬಿಡಿಸುತ್ತೇನೆ.’ ಚೆನ್ನಾಜಿ ಕೈ ತೊಳೆಯಲು ಹೋದಾಗ ಬಲಗಾಲಿನ ಗೆಜ್ಜೆಯ ಮಂತ್ರದ ಮಣಿಯನ್ನು ಕಿತ್ತು ಬಾವಿಗೆಸೆದ. ಹಾಯೆನಿಸಿತು.

ಅವಳು ಬಂದವಳೇ ಗೆಜ್ಜೆ ಹಿಡಿದು ಅವನ ಮುಂದೆ ಕೂತಳು. “ಕಾಲು ಕೊಡೋ.”

“ನನಗ್ಯಾಕೆ?”

“ನಿನ್ನ ಅಳತೆಗೇ ಮಾಡಿದ್ದು. ಶಾಲೆಯಲ್ಲಿ ನಿನ್ನಷ್ಟು ಚುರುಕು ಕಾಲು ಯಾರಿಗಿದೆ? ನನ್ನ ಬಲಗಾಲು ಕುಂಟು, ಗೊತ್ತಲ್ಲ.”

ನಾಗಿದೇವನಿಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಕಿತ್ತಿದ್ದನ್ನು ಹೇಳಿಬಿಟ್ಟ.

“ಅಯ್ಯೋ ಪಾಪಿ! ಗುರುಗಳ ಜೀವ ಕಣೋ ಅದು!” ಎಂದು ಅವನ ಬೆನ್ನಿಗೆ ಒಂದು ಗುದ್ದು ಗುದ್ದಿದಳು. ಹೊತ್ತು ಇಳಿಯುತ್ತಿತ್ತು. “ಗೊಂಬೆಯ ಬಲಗಾಲು ಇನ್ನು ಎಳೆಯುವುದೇ ಸೈ. ಎಳೆಯುವ ಕಾಲಿನಲ್ಲಿ ಓಡುವುದು ನಿನಗೇನು ಗೊತ್ತು? ಇತ್ತ ಕೊಡು, ನಾನೇ ಕಟ್ಟಿಕೊಳ್ಳುತ್ತೇನೆ.”

ಗೆಜ್ಜೆ ಸಡಿಲವಾಯಿತು. ನಾಗಿದೇವ ತನ್ನ ರುಮಾಲು ಹರಿದು ಅವಳ ಕಾಲಿಗೆ ಸುತ್ತಿ ಬಿಗಿದ.

ಮೊದಲ ಬಾಗಿಲಲ್ಲಿ ಬೆಂಕಿಯ ಹಳ್ಳ. ಚೆನ್ನಾಜಿ ಎಡಗಾಲಲ್ಲಿ ಹಾರಿದಳು, ಗೊಂಬೆಯೂ ಹಾರಿತು. ಎರಡನೆಯದರಲ್ಲಿ ಹಾವು. ಕುಂಟುತ್ತ ಸುತ್ತಿದಳು, ಗೊಂಬೆಯ ಬೆನ್ನುಹತ್ತಿದ ಹಾವು ತನಗೆ ತಾನೇ ಗಂಟುಬಿತ್ತು. ಮೂರನೆಯದರಲ್ಲಿ ಗದೆ ಹಿಡಿದ ರಕ್ಕಸ. ಮುಂದಿನ ಹೆಜ್ಜೆ ಬೀಳುವ ಜಾಗ ನೋಡಿ ನೋಡಿ ಹೊಡೆದ. ಆದರೆ ಕುಂಟುಹೆಜ್ಜೆ ಅವನ ಅಂದಾಜಿಗೆ ಸಿಕ್ಕೀತೇ? ಮೂರು ಏಟೂ ನೆಲಕ್ಕೆ ಬಿದ್ದು ಗದೆ ಮುರಿಯಿತು. ಗೊಂಬೆ ಹೊರಗೆ ಬಂತು!

ಪೆಟ್ಟಿಗೆ ಸಿಡಿಯಿತು. ಡಂಭಕೇತುವಿನ ಮಾಯೆಯೆಲ್ಲ ಹೊಗೆಯಾಗಿ ಹೋಯಿತು. ಗುರುಗಳು ಆಳೆತ್ತರ ಬೆಳೆದು ನಿಂತರು. ಊರವರೊಂದಿಗೆ ಓಡಿಬಂದ ಕಡಗನಾಡಿನ ಅರಸ ಹೂವಿನ ಹಾರ ಹಿಡಿದು ಕೇಳಿದ: “ಇದನ್ನು ಮಾಡಿದವರು ಯಾರು?”

“ನಾವಿಬ್ಬರೂ, ಪ್ರಭು,” ಎಂದಳು ಚೆನ್ನಾಜಿ.

ಈ ಮಾತಿಗೇ ಅಲ್ಲವೇ ನಾಗಿದೇವ ಅಷ್ಟು ಹೊತ್ತು ಉರಿದದ್ದು? ಸುಮ್ಮನಿದ್ದರೆ ಸಾಕಿತ್ತು, ಹಾರ ಕೊರಳಿಗೆ ಬೀಳುತ್ತಿತ್ತು. ಹೊಟ್ಟೆಕಿಚ್ಚೇನು ಪೂರ್ತಿ ಆರಿರಲಿಲ್ಲ. ಆದರೂ ಅವನು ಮುಂದೆ ಬಂದು, ಊರೆಲ್ಲ ಕೇಳುವ ಹಾಗೆ, “ಇಲ್ಲ ಪ್ರಭು, ಅವಳೊಬ್ಬಳೇ. ನಾನು ಕೆಡಿಸಿದವನು,” ಎಂದ.

ಗುರುಗಳು ಇಬ್ಬರನ್ನೂ ತಬ್ಬಿಕೊಂಡರು. ಅಂದಿನಿಂದ ಕಡಗನಾಡಿನಲ್ಲಿ ಎಲ್ಲರೂ ಆಡಿಕೊಂಡು, ಉಂಡುಕೊಂಡು ಸುಖವಾಗಿದ್ದರು.