ಎಡಗಿವಿಯ ಮೇಲೊಂದು ಮೆಟ್ಟಿಲು

ಶನಿವಾರ ಬೆಳಿಗ್ಗೆ ಅವಳ ಶತ್ರು ಅವಳದೇ ಸಲೂನಿನ ಹಸಿರು ಬಾಗಿಲನ್ನು ತಳ್ಳಿಕೊಂಡು ಒಳಗೆ ಬಂದ. ಯಾರೂ ಹೇಳದೆಯೇ ಮೊದಲನೆಯ ಕುರ್ಚಿಯಲ್ಲಿ ಕುಳಿತು, ಕನ್ನಡಿಯೊಳಗಿನ ಅವಳ ಕಣ್ಣುಗಳನ್ನು ಒಮ್ಮೆ ನೋಡಿ, ತಲೆ ತಗ್ಗಿಸಿ ತನ್ನ ಕುತ್ತಿಗೆಯನ್ನು ಅವಳಿಗೆ ಒಪ್ಪಿಸಿದ.

ಒಂದು ವರ್ಷದಿಂದ ಅವಳು ಕಾದಿದ್ದುದು ಈ ಕುತ್ತಿಗೆಗಾಗಿಯೇ.

ಅವನು ದೂರದೂರುಗಳಿಗೆ ಸಾಮಾನು ಸಾಗಿಸುವ ಲಾರಿಯವನು. ಅವನ ತಂಗಿ ಇದೇ ಸಲೂನಿನಲ್ಲಿ ಗಿರಾಕಿಗಳ ತಲೆ ತೊಳೆಯುವ, ಬಣ್ಣ ಹಚ್ಚುವ ಕೆಲಸದವಳು. ಹಿಂದಿನ ಸಂಜೆ ಊರಿಗೆ ಮರಳಿದ ಅಣ್ಣನನ್ನು ಅವಳೇ ಇಲ್ಲಿಗೆ ಅಟ್ಟಿದ್ದಳು. ಗೆಳೆಯರೆಲ್ಲ ಕೆರೆಗೆ ಹೋಗುವ ಭಾನುವಾರದ ಪಿಕ್ನಿಕ್‌ಗೆ ಮೊದಲು ಆ ತಲೆಗೊಂದು ಗತಿ ಕಾಣಿಸದಿದ್ದರೆ ಕಾಗೆಗಳು ಮೊಟ್ಟೆ ಇಟ್ಟಾವೆಂದು ಹೆದರಿಸಿದ್ದಳಂತೆ.

ಪಿಕ್ನಿಕ್ ಎಂಬ ಪದವೇ ಕುರ್ಚಿಯ ಹಿಂದೆ ನಿಂತವಳಿಗೆ ಈಗ ಮುಳ್ಳಾಗಿತ್ತು. ಕಳೆದ ವರ್ಷ ಅದೇ ಕೆರೆಯ ದಂಡೆಯಲ್ಲಿ, ಇದೇ ಗೆಳೆಯರ ನಡುವೆ, ಅರ್ಧ ಸುಲಿದ ಕಿತ್ತಳೆಹಣ್ಣನ್ನು ಕೈಯಲ್ಲಿ ಹಿಡಿದು ಅವಳು ಎದ್ದು ನಿಂತಿದ್ದಳು. ಕೆಲಸಕ್ಕಾಗಿಯೂ ನಾಲಿಗೆಗಾಗಿಯೂ ಗೆಳೆಯರಿಂದ 'ಕತ್ತರಿ' ಎಂಬ ಹೆಸರು ಪಡೆದವಳು, ಆ ದಿನ ಮಾತ್ರ ಅತ್ಯಂತ ಮೆತ್ತಗಿನ ದನಿಯಲ್ಲಿ, ನೆಲ ನೋಡುತ್ತಾ, ಅವನನ್ನು ಕೇಳಿದ್ದಳು: ನನ್ನ ಜೊತೆ ಬದುಕ್ತೀಯಾ?

ಅವನು ನಕ್ಕಿದ್ದ. ಮುಗುಳ್ನಗೆಯಲ್ಲ, ತಲೆಯನ್ನು ಹಿಂದಕ್ಕೆ ಚೆಲ್ಲಿ, ಕೆರೆಯ ಹಕ್ಕಿಗಳೆಲ್ಲ ಹಾರಿಹೋಗುವಂತೆ ನಕ್ಕಿದ್ದ. ತಮಾಷೆಯೆಂದು ಬಗೆದು ಗೆಳೆಯರೂ ನಕ್ಕರು. ಬೇರೆ ದಾರಿ ಕಾಣದೆ ಅವಳೂ ಅವರೊಡನೆ ನಕ್ಕಳು. ಅವನ ನಗುವನ್ನಾದರೂ ಎಂದಾದರೊಂದು ದಿನ ಮನ್ನಿಸಬಹುದಿತ್ತು; ತನ್ನ ಬಾಯಿಂದಲೇ ಹೊರಟ ಆ ನಗುವನ್ನು ಅವಳು ಮನ್ನಿಸಲಾರದೆ ಹೋದಳು. ಮರುದಿನ ಅವನು ಲಾರಿ ಹತ್ತಿ ಹೋದವನು ಒಂದು ಫೋನ್ ಕೂಡ ಮಾಡಲಿಲ್ಲ.

ಅಂದಿನಿಂದ ಅಂಗಡಿ ಮುಚ್ಚುವ ಮೊದಲು ಅವಳು ಕನ್ನಡಿಯ ಮುಂದೆ ನಿಂತು ಒಂದು ನಗುವನ್ನು ಅಭ್ಯಾಸ ಮಾಡತೊಡಗಿದ್ದಳು. ತಣ್ಣಗಿನ, ಹರಿತವಾದ, ಎದುರಿನವನು ಕುಳಿತಲ್ಲೇ ಕುಗ್ಗಿಹೋಗುವಂಥ ನಗು. ಎಂದಾದರೂ ಅವನು ಬಂದು ಏನನ್ನಾದರೂ ಬೇಡಿದರೆ, ಅದು ಒಂದು ಲೋಟ ನೀರೇ ಆಗಲಿ, ಹೀಗೆ ನಗಬೇಕೆಂದು ನಿಶ್ಚಯಿಸಿದ್ದಳು.

"ಹೇಗೆ ಕತ್ತರಿಸ್ಲಿ?" ಎಂದು ಕೇಳಿದಳು, ಅಪರಿಚಿತ ಗಿರಾಕಿಯನ್ನು ಕೇಳುವಂತೆ.

"ನಿನಗೆ ಹೇಗೆ ಬೇಕೋ ಹಾಗೆ."

ಅವಳು ಕುರ್ಚಿಯನ್ನು ಕನ್ನಡಿಗೆ ಬೆನ್ನಾಗುವಂತೆ ತಿರುಗಿಸಿದಳು.

ಕೆಟ್ಟದಾಗಿ ಕತ್ತರಿಸುವುದು ಸುಲಭವೆಂದು ತಿಳಿದವರು ಆ ಕೆಲಸ ಬಲ್ಲವರಲ್ಲ. ಪಳಗಿದ ಕೈ ತಪ್ಪು ಮಾಡಲು ಒಪ್ಪುವುದಿಲ್ಲ. ಏರುಪೇರನ್ನು ಕಂಡೊಡನೆ ತಾನಾಗಿ ಸರಿಪಡಿಸಲು ಹೊರಡುತ್ತದೆ. ಅವಳು ತನ್ನ ಬೆರಳುಗಳೊಡನೆ ಜಗಳವಾಡಬೇಕಾಯಿತು, ಒಂದು ಕಣ್ಣನ್ನು ಮುಚ್ಚಿಕೊಳ್ಳಬೇಕಾಯಿತು. ಮುಂಗೂದಲನ್ನು ಇಲಿ ಕಡಿದಂತೆ ಕತ್ತರಿಸಿದಳು. ಬಳಿಕ ಎಡಗಿವಿಯ ಮೇಲೆ, ಹೊಸದಾಗಿ ಕಲಿಯುವವರು ಮಾಡಿ ಬೈಗುಳ ತಿನ್ನುವ ಆ ತಪ್ಪನ್ನು ಕೆತ್ತಿದಳು: ಮೇಲಿನ ಕೂದಲು ಕೆಳಗಿನದರೊಡನೆ ಬೆರೆಯದೆ ಥಟ್ಟನೆ ನಿಂತುಬಿಡುವ, ಅವರ ಕಸುಬಿನಲ್ಲಿ 'ಮೆಟ್ಟಿಲು' ಎಂದು ಕರೆಯುವ ಗೆರೆ. ಎಡಗಡೆಯೇ ಯಾಕೆಂಬುದಕ್ಕೂ ಲೆಕ್ಕಾಚಾರವಿತ್ತು. ಲಾರಿಯಲ್ಲಿ ಚಾಲಕನ ಪಕ್ಕ ಯಾರೇ ಕುಳಿತರೂ ದಾರಿಯುದ್ದಕ್ಕೂ ಅವರಿಗೆ ಕಾಣುವುದು ಆ ಕಿವಿಯೇ.

ತಂಗಿಯ ಕೈಯಿಂದ ನೀರಿನ ಸ್ಪ್ರೇ ಬಾಟಲಿ ಜಾರಿ ಬಿದ್ದಿತು.

ಕುರ್ಚಿ ಮತ್ತೆ ಕನ್ನಡಿಯತ್ತ ತಿರುಗಿತು. ಅವನು ಬಹಳ ಹೊತ್ತು ನೋಡಿದ, ಮೆಟ್ಟಿಲನ್ನು ಒಂದು ಬೆರಳಿನಿಂದ ಮುಟ್ಟಿ ನೋಡಿದ. ಅವಳು ಸಿಡಿಲಿಗೆ ಕಾದಳು.

"ಚೆನ್ನಾಗಿದೆ," ಎಂದು ಹೇಳಿ, ಹೆಗಲ ಕೂದಲನ್ನು ಕೊಡವಿಕೊಂಡು ಹೊರಟೇಹೋದ.

ಅಂದು ಪಿಕ್ನಿಕ್‌ಗೆ ಬೇಕಾದ ಸಾಮಾನು ಕೂಡಿಸುವ ಹೊಣೆ ಅವನದೂ ಗೆಳೆಯರಲ್ಲೊಬ್ಬರಾದ ಡ್ರಾಯಿಂಗ್ ಮೇಷ್ಟರದೂ ಆಗಿತ್ತು. ಐಸ್ ಪೆಟ್ಟಿಗೆ, ಟಾರ್ಪಾಲು, ಮಡಚುವ ಕುರ್ಚಿಗಳು, ಚಿಕ್ಕ ಸ್ಟೌ. ಮಧ್ಯಾಹ್ನದ ಹೊತ್ತಿಗೆ ಬೇಕರಿ ನಡೆಸುವ ಗೆಳತಿ, ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡೇ ಓಡಿಬಂದಳು. ನಗು ತಡೆಯಲಾರದೆ ಬಾಗಿಲ ಚೌಕಟ್ಟನ್ನು ಹಿಡಿದು ನಿಂತು ಸುದ್ದಿ ಹೇಳಿದಳು. ಬೇಕರಿಯ ಸಾಲಿನಲ್ಲಿ ನಿಂತವರೆಲ್ಲ ಅವನ ತಲೆಯನ್ನೇ ನೋಡುತ್ತಿದ್ದರಂತೆ; ಒಬ್ಬರು ಧೈರ್ಯ ಮಾಡಿ ಎಲ್ಲಿ ಕಟಿಂಗ್ ಮಾಡಿಸಿದ್ದೆಂದು ಕೇಳಿದರಂತೆ. ಅವನು ಸಲೂನಿನ ಗುರುತು, ಬಾಗಿಲಿನ ಬಣ್ಣ, ಕತ್ತರಿಸಿದವಳ ಕೀರ್ತಿ ಎಲ್ಲವನ್ನೂ ವಿವರವಾಗಿ ಹೇಳಿ, ಎಡಗಡೆಗೆ ಬಾಗಿ ಬೆಳಕಿಗೆ ಹಿಡಿದು ತೋರಿಸಿದನಂತೆ. ಹಾರ್ಡ್‌ವೇರ್ ಅಂಗಡಿಯಲ್ಲಿಯೂ ಹೀಗೆಯೇ. ಈಗ ಲಾರಿ ಪಂಕ್ಚರ್ ಆಗಿ ಟೈರ್ ಅಂಗಡಿಯ ಮುಂದೆ ನಿಂತಿದೆ, ಅಲ್ಲಿ ಜಾತ್ರೆಯೇ ನೆರೆದಿದೆ ಎಂದಳು.

ಸಂಜೆಗೆ ಬರಬೇಕಿದ್ದ ಒಬ್ಬ ಗಿರಾಕಿಗೆ ಹಠಾತ್ತನೆ ಜ್ವರ ಬಂದಿತು. ಮಗಳ ಮದುವೆಗೆ ಅಲಂಕಾರ ಮಾಡಿಸಲು ಒಪ್ಪಿದ್ದ ದಂತವೈದ್ಯರ ಹೆಂಡತಿ ಫೋನ್ ಮಾಡಿ, ಇನ್ನೊಮ್ಮೆ ಯೋಚಿಸಿ ಹೇಳುವೆನೆಂದರು.

ಅವನ ತಲೆಗೆ ಹಾಕಿದ ಕತ್ತರಿ ತನ್ನ ಅಂಗಡಿಯ ಬೋರ್ಡಿಗೇ ತಗುಲಿತ್ತು. ತಾನು ಕಟ್ಟಿಕೊಂಡ ಹೆಸರನ್ನು ಆ ಮನುಷ್ಯ ತಲೆಯ ಮೇಲೆ ಹೊತ್ತು ಬೀದಿಬೀದಿ ಮೆರವಣಿಗೆ ಮಾಡುತ್ತಿದ್ದಾನೆ! ಸೇಡಿಗೆ ಪ್ರತಿಸೇಡು. ಅವಳು ಹಲ್ಲು ಕಚ್ಚಿ, ಬಾಚಣಿಗೆ, ಕತ್ತರಿ, ಟ್ರಿಮ್ಮರ್‌ಗಳನ್ನು ಚೀಲಕ್ಕೆ ತುಂಬಿ ಬೇಟೆಗೆ ಹೊರಟಳು.

ಅವನು ಒಂದು ಹಳೆಯ ಟೈರಿನ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದ.

"ಏಳು. ಅಂಗಡಿಗೆ ಬಾ, ಸರಿ ಮಾಡ್ತೀನಿ."

"ಏನನ್ನ?"

"ನಿನ್ನ ತಲೇನ."

"ತಲೆಗೇನಾಗಿದೆ? ಬೆಳಿಗ್ಗೆ ತಾನೇ ಊರಲ್ಲೇ ಒಳ್ಳೆ ಕಡೆ ಮಾಡಿಸ್ಕೊಂಡು ಬಂದೆ."

ಟೈರ್ ಅಂಗಡಿಯವನು ನಗು ಮುಚ್ಚಿಕೊಳ್ಳಲು ಲಾರಿಯ ಅಡಿಗೆ ನುಗ್ಗಿದ.

"ನಾಚ್ಕೆ ಆಗಲ್ವಾ ನಿನಗೆ, ಇದನ್ನ ಹೊತ್ಕೊಂಡು ಊರೆಲ್ಲ ಸುತ್ತೋಕೆ?"

"ಆಗುತ್ತೆ," ಎಂದ ಅವನು, ಲೋಟವನ್ನು ಕೆಳಗಿಟ್ಟು. "ಬೆಳಿಗ್ಗೆಯಿಂದ ಆಗ್ತಾನೇ ಇದೆ."

ಆ ಮಾತಿನಲ್ಲಿ ಕುಹಕವಿರಲಿಲ್ಲ. ಅದು ಅವಳನ್ನು ಇನ್ನಷ್ಟು ಕೆರಳಿಸಿತು. ಅದೇ ಸಿಟ್ಟಿನಲ್ಲಿ ಎದುರಿನ ಅಂಗಡಿಗೆ ಹೋಗಿ ಒಂದು ನೀಲಿ ಟೋಪಿಯನ್ನು ಕೊಂಡುತಂದು ಅವನ ಮಡಿಲಿಗೆ ಎಸೆದಳು; ಸರಿಮಾಡಿಸಿಕೊಳ್ಳದಿದ್ದರೆ ಮುಚ್ಚಿಕೊಂಡಾದರೂ ತಿರುಗು ಎಂದಳು. ಮನೆ ಸೇರಿದ ಮೇಲಷ್ಟೇ ಅವಳಿಗೆ ಹೊಳೆದದ್ದು: ಹಗೆಯವನಿಗೆ ತಾನು ಉಡುಗೊರೆ ಕೊಟ್ಟು ಬಂದಿದ್ದಳು, ಅದೂ ಅವನಿಗೆ ಒಪ್ಪುವ ಬಣ್ಣವನ್ನು ಹುಡುಕಿ.

ಭಾನುವಾರ ಲಾರಿ ಅವಳ ಮನೆ ಮುಂದೆ ಬಂದಾಗ ಆ ಟೋಪಿ ಗೇರಿನ ಹಿಡಿಕೆಗೆ ಭೂಷಣವಾಗಿತ್ತು. ಕಿಟಕಿಯ ಪಕ್ಕ ಕೂರಲು ಅವಳು ಹೂಡಿದ ಹಂಚಿಕೆಯನ್ನೆಲ್ಲ ತಂಗಿ ಕೆಡಿಸಿದಳು. ತನಗೆ ಗಾಳಿ ಬೇಕು, ಇಲ್ಲದಿದ್ದರೆ ವಾಂತಿಯಾಗುತ್ತದೆಂದು ಹೇಳಿ ಅವಳನ್ನು ಒಳಗೆ ದೂಡಿ, ನಡುವಿನ ಸೀಟಿನಲ್ಲಿ ಕೂರಿಸಿದಳು. ಮೇಷ್ಟರೂ ಬೇಕರಿಯವಳೂ ಕೇಕನ್ನು ನಡುವೆ ಇಟ್ಟುಕೊಂಡು ಸ್ಕೂಟರಿನಲ್ಲಿ ಹಿಂಬಾಲಿಸಿದರು.

ಹೀಗೆ, ಯಾರ ಕಣ್ಣು ಚುಚ್ಚಲೆಂದು ಅವಳು ಆ ಮೆಟ್ಟಿಲನ್ನು ಕಡಿದಿದ್ದಳೋ, ಆ ಕಣ್ಣು ಅವಳದೇ ಆಯಿತು. ಬೆಳಗಿನ ಬಿಸಿಲು ಅದರ ಅಂಚಿನ ಮೇಲೆ ಬಿದ್ದು ಅಲ್ಲಿಯೇ ನಿಂತಿತ್ತು. ಗೆರೆಯ ಕೆಳಗೆ, ಒಂದು ವರ್ಷ ಬಿಸಿಲು ಕಾಣದ ಎಳೆಯ ಚರ್ಮ. ಒಂದೇ ಒಂದು ಬಾಚಣಿಗೆಯ ಓಟ, ಕತ್ತರಿಯ ತುದಿಯ ಎರಡು ಸದ್ದು, ಅಷ್ಟರಲ್ಲಿ ಎಲ್ಲ ಬೆರೆತುಹೋಗುತ್ತಿತ್ತು. ಅವಳು ತನ್ನ ಬಲಗೈಯನ್ನು ತೊಡೆಯ ಕೆಳಗೆ ಹಾಕಿ ಅದರ ಮೇಲೆ ಕುಳಿತಳು.

"ಏನು ನೋಡ್ತಿದ್ದೀಯ?" ರಸ್ತೆಯಿಂದ ಕಣ್ಣು ತೆಗೆಯದೆ ಅವನು ಕೇಳಿದ.

"ನನ್ನ ಕೆಲಸ."

"ಹೇಗಿದೆ?"

"ದರಿದ್ರವಾಗಿದೆ. ಅಷ್ಟು ಕೆಟ್ಟದಾಗಿ ಮಾಡೋಕೆ ಎಷ್ಟು ಕಷ್ಟಪಟ್ಟೆ ಗೊತ್ತಾ?"

"ಗೊತ್ತು. ಕುತ್ತಿಗೆ ಹಿಂದೆ ನಿನ್ನ ಉಸಿರು ಕೇಳಿಸ್ತಿತ್ತು."

ಗೇರು ಬದಲಿಸಲು ಬಂದ ಅವನ ಕೈ ನೀಲಿ ಟೋಪಿಯ ಮೇಲೆ ಬೇಕಾದುದಕ್ಕಿಂತ ತುಸು ಹೆಚ್ಚು ಹೊತ್ತು ಉಳಿಯಿತು. ತಂಗಿ ಹೊರಗಿನ ವಿದ್ಯುತ್ ಕಂಬಗಳನ್ನು, ಜನ್ಮದಲ್ಲಿ ಕಂಬವನ್ನೇ ಕಾಣದವಳಂತೆ ತದೇಕಚಿತ್ತಳಾಗಿ ನೋಡುತ್ತಿದ್ದಳು.

ಕೆರೆ ತಲುಪಿದಾಗ ಕೇಕು ಕೇಕಾಗಿ ಉಳಿದಿರಲಿಲ್ಲ. ದಾರಿಯ ಪ್ರತಿಯೊಂದು ಗುಂಡಿಯ ಲೆಕ್ಕವೂ ಮೇಷ್ಟರ ಬೆನ್ನಿನ ಮೇಲೆ ಕ್ರೀಮಿನಲ್ಲಿ ಬರೆದಿತ್ತು. ಐಸ್ ಪೆಟ್ಟಿಗೆಯ ಮುಚ್ಚಳ ಊರಿನಲ್ಲೇ ಉಳಿದಿತ್ತು. ಸ್ಟೌ ಇತ್ತು, ಅದಕ್ಕೆ ಗ್ಯಾಸ್ ಇರಲಿಲ್ಲ. ಅದಕ್ಕೆ ನೀನು ಕಾರಣ, ಇದಕ್ಕೆ ನೀವು ಕಾರಣ ಎಂದು ಒಬ್ಬರನ್ನೊಬ್ಬರು ದೂರುತ್ತಾ, ಕೊನೆಗೆ ಎಲ್ಲ ಅನಿಷ್ಟಕ್ಕೂ ಲಾರಿಯವನ ಕ್ಷೌರವೇ ಹೊಣೆಯೆಂದು ತೀರ್ಮಾನಿಸಿ, ಬೆರಳುಗಳಿಂದಲೇ ಕೇಕನ್ನು ಬಾಚಿ ತಿಂದರು. ಮೇಷ್ಟರು ಆ ತಲೆಯ ಚಿತ್ರ ಬರೆದರು. ಚಿತ್ರಕ್ಕಿಂತ ತಲೆಯೇ ಹೆಚ್ಚು ಹಾಸ್ಯಾಸ್ಪದವಾಗಿದೆಯೆಂದು ಬೇಕರಿಯವಳು ತೀರ್ಪು ಕೊಟ್ಟಳು.

ಅವಳು ಮಾತ್ರ ನಗಲಿಲ್ಲ. ಅವಳ ನಗು ಇನ್ನೂ ಒರೆಯಲ್ಲಿತ್ತು.

ಆಗ ಅವನು ಬುಟ್ಟಿಯಿಂದ ಒಂದು ಕಿತ್ತಳೆಹಣ್ಣನ್ನು ಎತ್ತಿಕೊಂಡು, ಕಳೆದ ವರ್ಷ ಅವಳು ನಿಂತಿದ್ದ ಅದೇ ಚಪ್ಪಟೆ ಬಂಡೆಯ ಬಳಿಗೆ ಹೋಗಿ ನಿಂತ.

"ಹೋದ ವರ್ಷ ಇಲ್ಲಿ ಒಬ್ಬಳು ಒಂದು ಮಾತು ಕೇಳಿದ್ಲು," ಎಂದ ಅವನು. "ನಾನು ನಕ್ಕೆ. ನೀವೂ ನಕ್ರಿ. ಯಾಕೆ ನಕ್ಕೆ ಅಂತ ಹೇಳಲ್ಲ. ಕಾರಣ ಹೇಳಿದ್ರೆ ಅವಳು ಕ್ಷಮಿಸ್ಬೇಕಾಗುತ್ತೆ. ಕ್ಷಮೆ ಬೇಡ, ಸೇಡು ತೀರಿಸ್ಕೊಳ್ಳಲಿ. ಈ ತಲೇನ ಹೀಗೇ ಉಳಿಸ್ಕೊಂಡು ಬಂದಿದ್ದು ಅದಕ್ಕೇ. ಇವತ್ತು ನಗೋಕೆ ಯಾರಿಗೂ ಕಷ್ಟ ಆಗ್ಬಾರ್ದು."

ಬಳಿಕ ಅವನು ಅವಳ ಕಡೆಗೆ ತಿರುಗಿದ. ಬಿಸಿಲಿನಲ್ಲಿ ಮುಂಗೂದಲು ಪೊರಕೆಯಂತೆ ನಿಮಿರಿತ್ತು.

"ನನ್ನ ಜೊತೆ ಬದುಕ್ತೀಯಾ?"

ಬೇಕರಿಯವಳ ಮೂಗಿನಿಂದ ತಡೆಯಲಾರದ ಒಂದು ಸದ್ದು ಹೊರಟಿತು. ಮೇಷ್ಟರು ಕೆಮ್ಮಿನಲ್ಲಿ ಮುಚ್ಚಲೆತ್ನಿಸಿ ಸೋತರು. ತಂಗಿ ಕಣ್ಣೊರೆಸಿಕೊಳ್ಳುತ್ತಲೇ ನಕ್ಕಳು. ಮೂವರೂ ನಕ್ಕು, ಸುಮ್ಮನಾಗಿ, ಅವಳತ್ತ ನೋಡಿದರು.

ವರ್ಷವಿಡೀ ಕನ್ನಡಿಯ ಮುಂದೆ ಸಾಣೆ ಹಿಡಿದ ಆ ನಗುವನ್ನು ಅವಳು ಕರೆದಳು. ಅದು ಗಂಟಲವರೆಗೆ ಬಂದು ನಿಂತಿತು. ಏಕೆಂದರೆ ಅಷ್ಟರಲ್ಲಿ, ಆ ಮೌನವನ್ನು ತಾಳಲಾರದೆ, ಅವನೇ ನಗತೊಡಗಿದ್ದ. ಅದೇ ನಗು. ಅದೇ ಹಿಂದಕ್ಕೆ ಚೆಲ್ಲಿದ ತಲೆ. ಕಳೆದ ಸಲ ಅವಳು ನೆಲವನ್ನು ನೋಡುತ್ತಿದ್ದಳು. ಈ ಸಲ ಅವನನ್ನೇ ನೋಡಿದಳು. ಅವನ ಕಣ್ಣುಗಳು ನಗುತ್ತಿರಲಿಲ್ಲ. ಮುಷ್ಟಿಯಲ್ಲಿದ್ದ ಕಿತ್ತಳೆ ಅಪ್ಪಚ್ಚಿಯಾಗಿ, ರಸ ಮೊಣಕೈಯಿಂದ ತೊಟ್ಟಿಕ್ಕುತ್ತಿತ್ತು.

ಹೆದರಿಕೆ! ಬರೀ ಹೆದರಿಕೆ! ಅವಳಿಗೆ ಕರುಣೆ ಬರಲಿಲ್ಲ, ಹೊಸ ಸಿಟ್ಟು ಬಂದಿತು. ತಾನೇನು ಹೆದರಿರಲಿಲ್ಲವೇ? ಹೆದರಿಯೂ ಕೇಳಿರಲಿಲ್ಲವೇ? ಕೇಳಿ ಅಲ್ಲಿಯೇ ನಿಂತಿರಲಿಲ್ಲವೇ? ಇವನಾದರೋ ಲಾರಿ ಹತ್ತಿ ಓಡಿಹೋಗಿದ್ದ.

ಆದರೆ ಈಗ ಅವನು ಓಡುತ್ತಿರಲಿಲ್ಲ. ನಗುತ್ತಲೇ, ನಡುಗುತ್ತಲೇ, ನಿಂತಿದ್ದ.

"ಕೂತ್ಕೋ," ಎಂದಳು.

ಮಡಚುವ ಕುರ್ಚಿಯನ್ನು ಬಿಡಿಸಿ, ಕೇಕಿನ ಕಲೆಯಾದ ಮೇಜುಬಟ್ಟೆಯನ್ನು ಕೊಡವಿ ಅವನ ಕುತ್ತಿಗೆಗೆ ಕಟ್ಟಿದಳು, ಬೇಕಾದುದಕ್ಕಿಂತ ಬಿಗಿಯಾಗಿ. ಹಿಂದಿನ ದಿನ ತುಂಬಿ, ಬಿಚ್ಚದೆಯೇ ತಂದಿದ್ದ ಚೀಲದಿಂದ ಟ್ರಿಮ್ಮರ್ ಹೊರಬಂದಿತು. ಅವನು ಉತ್ತರ ಏನೆಂದು ಕೇಳಿದ. ಅಲುಗಿದರೆ ಕಿವಿ ಹೋಗುತ್ತದೆಂದಳು. ಮುಂಗೂದಲು ಹೋಯಿತು, ನೆತ್ತಿ ಹೋಯಿತು, ಮೆಟ್ಟಿಲು ತಾನಿದ್ದ ಗೋಡೆಯೊಡನೆ ಹೋಯಿತು. ಕೆರೆಯ ಗಾಳಿ ಕೂದಲಿನ ಎಳೆಗಳನ್ನು ನೀರಿಗೆ ಒಯ್ದಿತು. ಈ ಸಲ ಅವಳ ಬೆರಳುಗಳು ಜಗಳವಾಡಲಿಲ್ಲ. ಕೊನೆಗೆ, ಪ್ರತಿ ಗಿರಾಕಿಗೂ ಮಾಡುವಂತೆ, ಬಾಗಿ ಅವನ ಕಿವಿಯ ಮೇಲಿನ ಚೂರುಗಳನ್ನು ಉಸಿರಿನಿಂದ ಊದಿದಳು. ಅವನ ಹೆಗಲುಗಳು ಮೇಜುಬಟ್ಟೆಯಡಿ ಸ್ತಬ್ಧವಾದವು. ಗೆಳೆಯರು ಮೂವರೂ ಇದ್ದಕ್ಕಿದ್ದಂತೆ ಕಿತ್ತಳೆ ಸುಲಿಯುವುದರಲ್ಲಿ ಮಗ್ನರಾದರು.

"ಒಂದು ವರ್ಷ ಕಾಯಿಸಿದ್ದೀಯ," ಎಂದಳು ಅವನ ಬೋಳುತಲೆಗೆ. "ಇದು ಮೊದಲಿನಷ್ಟು ಬೆಳೆಯೋವರೆಗೆ ನೀನು ಕಾಯಿ. ಎಲ್ಲಿಗೆ ಹೋದ್ರೂ ವಾಪಸ್ ಬಂದು ನನ್ನ ಕುರ್ಚೀಲಿ ಕೂತ್ಕೋ. ಅಲ್ಲೀವರೆಗೆ ಬೇರೆ ಯಾರ ಕತ್ತರಿಯೂ ಈ ತಲೆ ಮುಟ್ಬಾರ್ದು."

"ಬೆಳೆದ ಮೇಲೆ?"

ಅವಳು ಮೇಜುಬಟ್ಟೆಯ ಗಂಟನ್ನು ಬಿಚ್ಚಿದಳು. ಗಂಟು ಬಿಗಿಯಾಗಿತ್ತು, ಹೊತ್ತು ಹಿಡಿಯಿತು.

"ಬೆಳೆದ ಮೇಲೂ," ಎಂದಳು.

ಮರಳುವಾಗ ಗೇರಿನ ಹಿಡಿಕೆಯಿಂದ ಟೋಪಿಯನ್ನು ತೆಗೆದು ಅವನ ತಲೆಗೆ ತಾನೇ ಇಟ್ಟಳು. ಕೊನೆಗೂ ಅಣ್ಣನಿಗೆ ಟೋಪಿ ಹಾಕಿದೆಯಲ್ಲ ಅಕ್ಕ ಎಂದು ತಂಗಿ ಕಿಟಕಿಯ ಕಡೆ ತಿರುಗಿ ಗೊಣಗಿದಳು. ಈ ಸಲ ನಡುವಿನ ಸೀಟಿಗೆ ಯಾರೂ ಅವಳನ್ನು ದೂಡಬೇಕಾಗಲಿಲ್ಲ.

ಊರಿನ ಮೊದಲ ತಿರುವಿನಲ್ಲಿ ಅವನು ತಲೆಯನ್ನು ಬಲಕ್ಕೆ ಹೊರಳಿಸಿದಾಗ, ಟೋಪಿಯ ಅಂಚಿನ ಕೆಳಗೆ, ಎಡಗಿವಿಯ ಹಿಂದೆ, ಉಗುರಿನಷ್ಟು ಅಗಲದ ಕೂದಲಿನ ಒಂದು ಚುಕ್ಕೆ ಇಣುಕಿತು. ಕೈತಪ್ಪಿ ಉಳಿದುದಲ್ಲ, ಅವಳ ಕೈ ಹಾಗೆ ತಪ್ಪುವುದಿಲ್ಲ. ಕನ್ನಡಿಯಲ್ಲಿ ಅದು ಅವನಿಗೆ ಕಾಣದು. ಅದು ಕಾಣುವುದು ಆ ನಡುವಿನ ಸೀಟಿನಲ್ಲಿ ಕುಳಿತವರಿಗೆ ಮಾತ್ರ. ಇನ್ನು ಮುಂದೆ ಅಲ್ಲಿ ಯಾರು ಕೂರಬೇಕೆಂಬುದನ್ನು ಅವಳು ನಿರ್ಧರಿಸಿಯಾಗಿತ್ತು.