ಗುಂಡು ತಗುಲಿದ ಸಲಗ

"ರೀ, ಓಡ್ರೀ! ಈ ಕಡೆ ಬನ್ರೀ!"

ಕೂಗು ಕೇಳಿಸುವಷ್ಟರಲ್ಲಿ ಸಲಗ ಬೇಲಿ ಮುರಿದು ತೋಟಕ್ಕೆ ನುಗ್ಗಿತ್ತು. ಕಾಫಿ ಗಿಡಗಳು ಲಟಲಟನೆ ಮುರಿಯುತ್ತಿದ್ದವು. ಅನುಶ್ರೀ ಮಾತ್ರ ಲೆನ್ಸಿನಿಂದ ಕಣ್ಣು ಕೀಳಲಿಲ್ಲ.

ಕೀನ್ಯಾದ ಸಿಂಹ, ನಾರ್ವೆಯ ಹಿಮಕರಡಿ... ಕಾಡುಪ್ರಾಣಿಗಳ ಫೋಟೋಗಾಗಿ ಲೋಕ ಸುತ್ತಿದವಳು ಅವಳು. ಹುಟ್ಟೂರು ಶನಿವಾರಸಂತೆಯ ಆಸುಪಾಸಿನ ಆನೆಯನ್ನೇ ತೆಗೆದಿರಲಿಲ್ಲ!

ಢಂ!

ಪಕ್ಕದಲ್ಲೇ ಕೋವಿ ಸಿಡಿಯಿತು. ಕೋವಿ ಹಿಡಿದವನೊಬ್ಬ ಅವಳ ತೋಳು ಹಿಡಿದು ಚರಂಡಿಗೆ ಎಳೆದ. ಅವಳು ನಿಂತಿದ್ದ ಜಾಗವನ್ನೇ ತುಳಿದು ಸಲಗ ಕಾಡಿನತ್ತ ತಿರುಗಿತು.

ಎದ್ದವಳೇ ಅವನ ಕೆನ್ನೆಗೆ ಬಾರಿಸಿದಳು.

"ಆನೆಗೆ ಗುಂಡು ಹೊಡೀತೀರಾ? ಮನುಷ್ಯರಾ ನೀವು?"

"ಗಾಳಿಗೆ ಹೊಡೆದದ್ದು ಕಣ್ರೀ," ಅವನು ಕೆನ್ನೆ ಸವರಿಕೊಂಡ. "ಅಲ್ನೋಡಿ, ಹಣ್ಣು ಕುಯ್ಯೋ ಹೆಂಗಸರಿದಾರೆ."

ಗಿಡಗಳ ಸಂದಿಯಲ್ಲಿ ಹೆಂಗಸರು ಒಬ್ಬರನ್ನೊಬ್ಬರು ತಬ್ಬಿಕೊಂಡು ನಡುಗುತ್ತಿದ್ದರು. ಅನುಶ್ರೀಯ ಮುಖ ಕೆಂಪಾಯಿತು.

"ಸಾರಿ..."

"ಪರವಾಗಿಲ್ಲ. ಏಟು ಚೆನ್ನಾಗಿತ್ತು!"

ಅವನೇ ಧರ್ಮೇಶ್, ಆ ತೋಟದ ಯಜಮಾನ. ಆಮೇಲೆ ದಿನವೂ ಸಲಗದ ಹೆಜ್ಜೆ ಹಿಡಿದು ಇಬ್ಬರೂ ಜೊತೆಯಾಗಿಯೇ ಅಲೆದರು. ಒಮ್ಮೆ ಬಂಡೆಯ ಮೇಲೆ ಕೂತು ಅವನು ಹೇಳಿದ.

"ನಮ್ಮಪ್ಪನ್ನ ತುಳಿದು ಕೊಂದದ್ದು ಇದೇ ಸಲಗ. ಮನೇಲಿ ನೋಡಿದ್ರಲ್ಲ, ಬೋಜಪ್ಪ ಚಿಕ್ಕಪ್ಪ, ಅವರೇ ನನ್ನ ಸಾಕಿದ್ದು."

ಅವಳು ಮೆಲ್ಲಗೆ ಅವನ ಕೈ ಹಿಡಿದಳು. ಅವನು ಬಿಡಿಸಿಕೊಳ್ಳಲಿಲ್ಲ.

ಆದರೆ ಒಂದು ಬೆಳಿಗ್ಗೆ... ಸಲಗ ಹೊಳೆಯಲ್ಲಿ ನಿಂತಿತ್ತು. ಗುಂಡೇಟಿಗೆ ಭುಜ ಸೀಳಿತ್ತು. ನೀರೆಲ್ಲ ಕೆಂಪು!

ಅನುಶ್ರೀ ನೇರ ಧರ್ಮೇಶನ ಅಂಗಳಕ್ಕೆ ಓಡಿದಳು.

"ನಿಮ್ಮ ಕೋವಿಯಿಂದ್ಲೇ ತಾನೆ? ಅಪ್ಪನ ಸೇಡು ತೀರಿಸ್ಕೊಂಡ್ರಾ?"

ಅವನು ತಲೆ ತಗ್ಗಿಸಿದ.

"ಕೊಲೆಗಾರ!"

ಅರಣ್ಯದವರಿಗೆ ಅವಳೇ ಹೇಳಿದಳು. ಜೀಪು ಹತ್ತುವಾಗಲೂ ಅವನು ಬಾಯಿಬಿಡಲಿಲ್ಲ. ಅವನ ಕಣ್ಣು ಮಾತ್ರ ಅವಳ ಮೇಲೇ ಇತ್ತು. 'ಇಂಥವನನ್ನ ಪ್ರೀತಿಸಿದೆನಾ?' ಎದೆ ಉರಿಯಿತು.

ಜಾಮೀನಿನ ಮೇಲೆ ಅವನು ಬಿಡುಗಡೆಯಾದ ದಿನ, ಅವಳು ಒಬ್ಬಳೇ ಹೊಳೆದಂಡೆಗೆ ಹೋಗಿದ್ದಳು. ಬಿದಿರಮೆಳೆಯ ಹಿಂದೆ ಕೋವಿ ಹಿಡಿದು ನಿಂತಿದ್ದವನನ್ನು ಕಂಡು ಬೆಚ್ಚಿಬಿದ್ದಳು.

ಬೋಜಪ್ಪ!

"ಅವತ್ತು ನನ್ನ ಗುಂಡಿಗೆ ಅರ್ಧ ಸತ್ತಿತ್ತು," ಮುದುಕ ಹಲ್ಲು ಕಚ್ಚಿದ. "ಅಣ್ಣನ ಎದೆ ಜಜ್ಜಿದ ಕಾಲು ಅದು. ಇವತ್ತು ಬಿಡಲ್ಲ!"

"ಬೇಡ ಬೋಜಪ್ಪ!"

ಗುಂಡು ಹಾರಿತು. ಸಲಗ ಘೀಳಿಟ್ಟು ನುಗ್ಗಿತು.

"ಚಿಕ್ಕಪ್ಪಾ!" ತೋಟದ ಕಡೆಯಿಂದ ಓಡಿಬಂದ ಧರ್ಮೇಶ್ ಮುದುಕನನ್ನು ಪಕ್ಕಕ್ಕೆ ತಳ್ಳಿದ. ಕೊಂಬು ಅವನ ತೊಡೆ ಬಗೆದು ಹಾಕಿತು. ಎಸೆದ ರಭಸಕ್ಕೆ ಅವನು ಬಂಡೆಗೆ ಬಡಿದು ಬಿದ್ದ. ತಿರುಗಿದ ಸಲಗ ಬೋಜಪ್ಪನನ್ನು ಸೊಂಡಿಲಲ್ಲಿ ಎತ್ತಿ ನೆಲಕ್ಕೆ ಅಪ್ಪಳಿಸಿತು. ಎಲುಬು ಮುರಿದ ಸದ್ದು! ಮುದುಕ ಮತ್ತೆ ಅಲುಗಲಿಲ್ಲ.

ಆನೆಯೂ ನಾಲ್ಕು ಹೆಜ್ಜೆ ಇಟ್ಟು ಮಂಡಿಯೂರಿ ಕುಸಿಯಿತು, ಮತ್ತೆ ಏಳಲಿಲ್ಲ.

ಅನುಶ್ರೀ ದುಪಟ್ಟಾ ಹರಿದು ಧರ್ಮೇಶನ ತೊಡೆಗೆ ಬಿಗಿದಳು. ಬೆರಳ ಸಂದಿಯಿಂದ ಬಿಸಿ ರಕ್ತ ಚಿಮ್ಮುತ್ತಿತ್ತು. "ಕಣ್ಣು ಮುಚ್ಚಬೇಡಿ ಧರ್ಮೇಶ್! ನನ್ನ ನೋಡಿ, ನನ್ನನ್ನೇ ನೋಡಿ!" ಎಂದು ಕಿರುಚುತ್ತಲೇ ಅವನನ್ನು ರಸ್ತೆಯವರೆಗೆ ಎಳೆದಳು.

ಆಸ್ಪತ್ರೆಯಲ್ಲಿ ಅವನು ಕಣ್ಣು ಬಿಟ್ಟಾಗ ಅವಳು ಅಳುತ್ತಿದ್ದಳು.

"ಚಿಕ್ಕಪ್ಪ...?"

ಅವಳು ಇಲ್ಲವೆಂದು ತಲೆಯಾಡಿಸಿದಳು. ಅವನು ಗೋಡೆಯತ್ತ ಮುಖ ತಿರುಗಿಸಿದ.

"ಗುಂಡು ಹೊಡೆದದ್ದು ಅವರು ಅಂತ ಯಾಕೆ ಹೇಳಲಿಲ್ಲ ನಂಗೆ?"

"ಅನ್ನ ಹಾಕಿದ ಕೈ ಅನು... ಹೇಗೆ ಹಿಡ್ಕೊಡ್ಲಿ?"

"ನಿಮ್ಮನ್ನ ಕೊಲೆಗಾರ ಅಂದುಬಿಟ್ಟೆ!"

"ಕೊಂಬಿಗಿಂತ ಅದೇ ಜಾಸ್ತಿ ನೋವಾಯ್ತು."

ಅವಳು ಅವನ ಅಂಗೈಗೆ ಹಣೆಯೊತ್ತಿದಳು.

"ಫೋಟೋ ತೆಗೆಯೋಕೆ ಬೋಟ್ಸ್ವಾನಾಗೆ ಹೋಗ್ಬೇಕಿತ್ತು. ಬರಲ್ಲ ಅಂತ ಹೇಳ್ಬಿಟ್ಟೆ. ನಿಮ್ಮನ್ನ ಪ್ರೀತಿಸ್ತೀನಿ, ಬಿಟ್ಟು ಎಲ್ಲಿಗೂ ಹೋಗಲ್ಲ."

"ಹುಚ್ಚಿ! ಕಾಡು ಬಿಟ್ರೆ ನೀನು ಬದುಕ್ತೀಯಾ? ಹೋಗು. ಆದರೆ ತಿರುಗಿ ಬರೋದು ನಮ್ಮನೆಗೆ ಆಗ್ಲಿ."

ಕಣ್ಣೀರಿನ ನಡುವೆಯೇ ಅವಳು ನಕ್ಕಳು.

"ಮೊದಲು ನೀವು ಎದ್ದು ನಡೀರಿ. ಜೊತೆಗೇ ಹೋಗೋಣ."

"ಕುಂಟ್ಕೊಂಡು ಬಂದ್ರೆ ಪರವಾಗಿಲ್ವಾ?"

"ನಿಧಾನಕ್ಕೇ ನಡೀತೀನಿ, ಬನ್ನಿ."